ತಾರಿನ ಮೊದಲ ಸಾಲು

ಟ್ರಿಣ್ ಟ್ರಿಣ್. ಎರಡೇ ಸಲ. ಆಮೇಲೆ, "ತಾರ್ ಬಂದೈತ್ರೀ!"

ಅಂಚೆಯ ಬಸಪ್ಪನ ಸೈಕಲ್ ಬೆಲ್ ಕೇಳಿದರೆ ಸಾಕು, ಹುಬ್ಬಳ್ಳಿಯ ನಮ್ಮ ಓಣಿಯ ಹೆಂಗಸರು ಮೊದಲು ಸೆರಗು ಬಾಯಿಗಿಟ್ಟು ಅಳಲು ಶುರು ಮಾಡುತ್ತಿದ್ದರು. ತಾರು ಒಡೆದು ಓದಿಸುವುದು ಆಮೇಲೆ. (ಯಾರು ಸತ್ತರು ಅನ್ನುವುದೊಂದೇ ತಿಳಿಯುವುದು ಬಾಕಿ!) ಅರವತ್ತರ ದಶಕದ ಮಾತು. ಟೆಲಿಗ್ರಾಂ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಓದಲು ಕರೆಯುತ್ತಿದ್ದುದು ನನ್ನನ್ನು. ಓಣಿಗೆಲ್ಲ ಕಾನ್ವೆಂಟ್ ಹುಡುಗಿ ನಾನೊಬ್ಬಳೇ. ಹನ್ನೊಂದನೇ ವಯಸ್ಸಿಗೇ ಎಂಥ ಪೊಸಿಷನ್ ನೋಡಿ!

ಇದೆಲ್ಲ ನೆನಪಾದದ್ದು ಮೊನ್ನೆ, ಮೊಮ್ಮಗಳು ಸಹನಾಳ ಲ್ಯಾಪ್‌ಟಾಪ್ ಮುಂದೆ. ಲಕಮನಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವಳ ಕೆಲಸ.

"ಏನ್ ಮಾಡಾಕತ್ತೀಯವಾ?"

"ಸ್ಕ್ರಿಪ್ಟ್ ಬರಿಯಾಕತ್ತೇನ್ರಿ ಅಜ್ಜಿ, ಕಂಪ್ಯೂಟರಿಗೆ ಏನ್ ಮಾಡಬೇಕಂತ ಹೇಳೂದು. ಈ ಮಾಲಿನ ಲೆಕ್ಕದ ಉದ್ದನ ಸಾಲ ಅದಲ್ರಿ, ಕಾಮಾ ಇದ್ದಲ್ಲೆಲ್ಲಾ ಅದನ್ನ ಸ್ಪ್ಲಿಟ್ ಮಾಡೂದು. ತುಂಡು ತುಂಡು ಆಗ್ತದ. ಅದರಾಗ ನಮಗ ಬೇಕಾದ್ದಷ್ಟ ಆರಿಸ್ಕೊಳ್ಳೂದು. ಹೆಸರು, ತಾರೀಖು. ಉಳಿದದ್ದು ಬಿಟ್ಟಬಿಡೂದು."

"ಯಾವ ತುಂಡು ಬೇಕಂತ ಅದಕ್ಕ ಹೆಂಗ ಗೊತ್ತಾಗ್ತದ?"

"ನಂಬರ್ ಹೇಳಬೇಕ್ರಿ. ಮೊದಲನೇ ತುಂಡಿನ ನಂಬರ್ ಒಂದಲ್ಲ ಮತ್ತ, ಸೊನ್ನಿ!"

(ಸೊನ್ನೆಯಿಂದ ಎಣಿಸುವವರು ನಮ್ಮ ಕಾನ್ವೆಂಟಿನ ಸಿಸ್ಟರ್ ಕೈಗೆ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದರು.)

ಕೀ ಒತ್ತಿದಳು. ಒತ್ತಿದವಳೇ ನಕ್ಕಳು. "ಅಯ್ಯ, ಒಂದ ತುಂಡು ಆಚೀಚಿ ಆತ್ ನೋಡ್ರಿ! ತಾರೀಖಿನ ಜಾಗಾದಾಗ ಡಬ್ಬಿ ಎಷ್ಟು ಅನ್ನೂದು ಬಂದದ." ತುಂಡಿನ ನಂಬರ್ ಎರಡು ಇದ್ದಲ್ಲಿ ಮೂರು ಬರೆದಳು. ಸರಿಹೋಯಿತು.

ನನಗೆ ನಗು ಬರಲಿಲ್ಲ. ಇದೇ ತಪ್ಪನ್ನು ನಾನು ಅವಳಿಗಿಂತ ಮೊದಲೇ ಮಾಡಿದ್ದೆ.

ಪಕ್ಕದ ಮನೆಯ ಖತೀಜಾಬಿಗೆ ತವರು ಅಂತ ಉಳಿದವನು ತಮ್ಮ ಬಶೀರ್ ಒಬ್ಬನೇ. ಪುಣೆಯಲ್ಲಿ ಮೆಕ್ಯಾನಿಕ್. ಮದ್ರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಸಿಂಗಾಪುರಕ್ಕೆ ಹೊರಟಿದ್ದ. ದಾರಿಯಲ್ಲಿ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ರೈಲು ನಿಂತಷ್ಟು ಹೊತ್ತು ಅಕ್ಕನ ಮುಖ ನೋಡುವೆ, ದಿನವನ್ನು ತಾರಿನಲ್ಲಿ ತಿಳಿಸುವೆ ಎಂದು ಕಾಗದ ಬರೆದಿದ್ದ. ಖತೀಜಾಬಿ ಶಾವಿಗೆ ಹೊಸೆದು ಡಬ್ಬಿ ತುಂಬಿಟ್ಟು ಕಾಯುತ್ತಿದ್ದರು.

ತಾರು ಬಂದದ್ದು ಹನ್ನೆರಡನೇ ತಾರೀಖಿನ ಸಂಜೆ. ಮೊದಲ ಸಾಲಿನಲ್ಲಿ ಪುಣೆ, ಹನ್ನೊಂದು, ಹನ್ನೆರಡು. ಕೆಳಗೆ, ಪಾಸಿಂಗ್ ಹುಬ್ಳಿ ಟುಮಾರೋ ಮಾರ್ನಿಂಗ್. ಮೀಟ್ ಮೀ.

ನಾಳೆ ಅಂದರೆ ಯಾವ ನಾಳೆ? ಪುಣೆಯಲ್ಲಿ ತಾರು ಕೊಟ್ಟ ದಿನದ ನಾಳೆ. ನಾನು ಮೊದಲ ಸಾಲಿನಿಂದ ಒಂದು ತುಂಡು ಆರಿಸಿದೆ. ಹನ್ನೊಂದು. ಹನ್ನೊಂದರ ನಾಳೆ ಹನ್ನೆರಡು.

"ಖಾಲಾ, ಗಾಡಿ ಇವತ್ತ ಮುಂಜಾನೇನ ಹೋಗೇದ್ರಿ," ಅಂದೆ. ಭಾರೀ ಗತ್ತಿನಿಂದ.

ಯಾರೂ ಎದುರಾಡಲಿಲ್ಲ. ಇಂಗ್ಲಿಷ್ ಓದಿದವಳು ಹೇಳಿದ ಮೇಲೆ ಮುಗಿಯಿತಲ್ಲ? ಖತೀಜಾಬಿ ಶಾವಿಗೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಸಿಟ್ಟೆಲ್ಲ ಬಸಪ್ಪನ ಮೇಲೆ. "ನಿನ್ನಿ ತಾರು ಇವತ್ತ ಸಂಜೀಕ ತಂದಾನ! ಇನ್ನ ನಮ್ಮ ಕಟ್ಟಿಗಿ ಬರಲಿ, ನೀರ ಸೈತ ಕೊಡೂದಿಲ್ಲ ಅವಂಗ." ಬಿಸಿಲಲ್ಲಿ ಸೈಕಲ್ ನಿಲ್ಲಿಸಿ ಆ ಕಟ್ಟೆಯ ಮೇಲೆ ಒಂದು ತಂಬಿಗೆ ನೀರು ಕುಡಿದೇ ಮುಂದೆ ಹೋಗುತ್ತಿದ್ದ ಮನುಷ್ಯ ಅವನು.

ನಾಲ್ಕು ದಿನ ಬಿಟ್ಟು ಬಸಪ್ಪ ನನ್ನನ್ನೇ ದಾರಿಯಲ್ಲಿ ನಿಲ್ಲಿಸಿದ. "ಖತೀಜಾಬಾಯಾರು ಯಾಕ ಮುಖಾ ತಿರಿವ್ಯಾರವಾ? ಅವತ್ತ ಮಧ್ಯಾಹ್ನ ಪುಣೇದಾಗ ಕೊಟ್ಟ ತಾರು, ಅವತ್ತ ಸಂಜೀಕ ಮುಟ್ಟಿಸೇನಿ."

"ಮತ್ತ ಹನ್ನೊಂದು ಅಂತ ಇತ್ತಲ್ಲ?"

"ಅದು ಶಬ್ದದ ಎಣಿಕಿ ನಮ್ಮವ್ವ. ತಾರೀಖು ಅದರ ಮುಂದಿಂದು."

ಅಂದರೆ ರೈಲು ಬಂದದ್ದು ಹದಿಮೂರರ ಬೆಳಗ್ಗೆ. ಬಶೀರ್ ಪ್ಲಾಟ್‌ಫಾರ್ಮಿಗೆ ಇಳಿದು ಅಕ್ಕನನ್ನು ಹುಡುಕಿರಬೇಕು. ಆ ಹೊತ್ತಿಗೆ ನಾನು ಮನೆಯಲ್ಲಿ ಜಡೆಗೆ ರಿಬ್ಬನ್ ಕಟ್ಟಿಸಿಕೊಳ್ಳುತ್ತಿದ್ದೆ.

ಹೇಳಿದೆನೇ? ಇಲ್ಲ. ಹೇಳಿದ್ದರೆ ಮತ್ತೆ ತಾರು ಓದಲು ನನ್ನನ್ನು ಯಾರು ಕರೆಯುತ್ತಿದ್ದರು? ಪೊಸಿಷನ್! ಸಿಂಗಾಪುರದಿಂದ ಕೆಲವು ವರ್ಷ ಕಾಗದ ಬಂದವು. ಆಮೇಲೆ ಅವೂ ನಿಂತವು. ಬಶೀರ್ ತಿರುಗಿ ಬರಲೇ ಇಲ್ಲ. ಬಸಪ್ಪನಿಗೆ ಆ ಕಟ್ಟೆಯಲ್ಲಿ ನೀರು ಸಿಗಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಗಬ್ಬೂರಿನಲ್ಲಿ ಮಗನ ಮನೆಯಲ್ಲಿದ್ದ ಖತೀಜಾಬಿಯನ್ನು ನೋಡಲು ಹೋಗಿದ್ದೆ. ತಲೆ ಪೂರ್ತಿ ಬೆಳ್ಳಗೆ. ಹಳೇ ಪೌಡರ್ ಡಬ್ಬಿಯಿಂದ ಅದೇ ತಾರು ತೆಗೆದರು. ಮಡಿಕೆಯಲ್ಲಿ ಹರಿದಿತ್ತು.

"ಓದ ಬೇಟಿ. ನಿನ್ನ ಬಾಯಿಂದ ಕೇಳಬೇಕು."

ಪಾಸಿಂಗ್ ಹುಬ್ಳಿ ಎಂಬಲ್ಲಿಂದ ಓದಿದೆ.

"ಮ್ಯಾಲಿನ ಸಾಲ ಬಿಟ್ಟಿ," ಅಂದರು ಮೆಲ್ಲಗೆ. "ನಮ್ಮ ಮೊಮ್ಮಗಳು ಅದನ್ನೂ ಓದಿ ಹೇಳ್ಯಾಳ."

ಅವರು ಬೈಯಲಿಲ್ಲ. ತಾರನ್ನು ಮಡಚಿ ಡಬ್ಬಿಗೆ ಹಾಕಿದರು. "ಪಾಪ, ಆ ಬಸಪ್ಪಗ ಎಷ್ಟ ವರ್ಷ ನೀರ ಕೊಡಲಿಲ್ಲ ನೋಡ ನಾ," ಅಂದರು. ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ, ತಂಬಿಗೆ ಹಿಡಿದು ನಿಂತಂತೆ. ಕಾನ್ವೆಂಟಿನಲ್ಲಿ ನಮಗೆ ಮೊಟ್ಟಮೊದಲು ಕಲಿಸಿದ ಇಂಗ್ಲಿಷ್ ಶಬ್ದ 'ಸಾರಿ'. ಅಷ್ಟೆಲ್ಲ ಇಂಗ್ಲಿಷ್ ಆರಿಸಿ ಆರಿಸಿ ಓದಿದವಳು, ಅದೊಂದನ್ನೇ ಹೇಗೆ ಬಿಟ್ಟೆ?