ದುರ್ಗಿಯ ಎರಡು ಕಪ್ಪು ಚೀಲ

ದುರ್ಗಿಗೆ ಮನೆಗಳ ಗುರುತು ಎಂಜಲಿನಿಂದ. ಬಾಗಿಲು ತೆರೆದವರ ಮುಖ ನೋಡುವ ಮೊದಲೇ ಅವಳು ಹಿಂದೆ ರಾಶಿ ಬಿದ್ದ ಪಾತ್ರೆ ನೋಡುತ್ತಾಳೆ. ರಾತ್ರಿ ಯಾರು ಬಂದಿದ್ದರು, ಯಾರು ಸಿಟ್ಟಿನಲ್ಲಿ ಊಟ ಬಿಟ್ಟೆದ್ದರು, ಮನೆಯ ಹೆಂಗಸು ತಟ್ಟೆ ಹಾಕಿಕೊಂಡು ಉಂಡಳೋ ಪಾತ್ರೆಯ ತಳದಲ್ಲೇ ಕಲಸಿ ಮುಗಿಸಿದಳೋ, ಎಲ್ಲ ತಿಳಿಯುತ್ತದೆ. ಇಪ್ಪತ್ತಾರು ವರ್ಷದಿಂದ ತಿಳಿಯುತ್ತಿದೆ. ಯಾರಿಗೂ ಹೇಳಿದವಳಲ್ಲ. ಯಾರೂ ಕೇಳಿರಲೂ ಇಲ್ಲ.

ಶಿರಾಲಿಯ ಆಚೆ ಗುಡ್ಡದ ಬುಡದಲ್ಲಿ ಅವಳ ಮನೆ. ಬೆಳಗಿನ ಆರೂಕಾಲಿನ ಬಸ್ಸಿಗೆ ಭಟ್ಕಳಕ್ಕೆ ಹೊರಡುವ ಮೊದಲು ಗಂಜಿ ಬೇಯಿಸಿ, ಗಂಡ ಜಟ್ಟನಿಗೆ ಬಿಸಿನೀರು ಕಾಯಿಸಿ, ಅವನ ಕೈಗೆಟುಕುವಲ್ಲಿ ಎಲೆಅಡಿಕೆ ಇಟ್ಟು ಬರಬೇಕು. ಬೋಟಿನ ಕೆಲಸದಲ್ಲಿ ಜಟ್ಟನ ಸೊಂಟ ಹೋಗಿ ಮೂರು ವರ್ಷ. ಸೊಂಟ ಹೋದದ್ದು ಅವನದು, ಬಗ್ಗುವುದು ಇವಳದು. ಮಗಳು ನಾಗಿಯನ್ನು ಹೊನ್ನಾವರಕ್ಕೆ ಕೊಟ್ಟಿದೆ. ಮನೆ ಇರುವುದು ಅರಣ್ಯದ ಜಾಗದಲ್ಲಿ. ಅತ್ತೆಯ ಕಾಲದಿಂದ ಅಲ್ಲೇ ಒಲೆ ಹೊತ್ತಿಸಿದರೂ ಪಟ್ಟಾ ಇಲ್ಲ. ಮೂರು ಸಲ ಹಾಕಿದ ಅರ್ಜಿ ಮೂರು ಸಲವೂ ತಿರಸ್ಕೃತವಾಗಿತ್ತು.

ಭಟ್ಕಳದಲ್ಲಿ ಅವಳಿಗೆ ಎರಡು ಮನೆ. ಮೊದಲನೆಯದು ಉಮೇಶನದು. ಕುಮಟಾ ಕಡೆಯವನು, ಬಾಡಿಗೆಗೆ ಬಂದು ಒಂದು ವರ್ಷ. ವಿಮಾ ಕಂಪನಿಯಲ್ಲಿ ಕೆಲಸ ಎಂದು ಓಣಿಗೆಲ್ಲ ಹೇಳಿಕೊಂಡಿದ್ದ. ದುರ್ಗಿ ಎರಡನೇ ವಾರಕ್ಕೇ ನಂಬುವುದನ್ನು ಬಿಟ್ಟಿದ್ದಳು. ವಿಮೆಯವನಾದರೆ ಮನೆಗೆಲಸದವಳನ್ನಾದರೂ ಒಂದು ಪಾಲಿಸಿ ಮಾಡಿಸು ಎಂದು ಕಾಡಬೇಕಿತ್ತು. ಇವನು ಒಮ್ಮೆಯೂ ಕಾಡಲಿಲ್ಲ.

ಉಮೇಶನ ಹೆಂಡತಿ ರೇಖಾ ಕಡಿಮೆ ಮಾತಿನವಳು. ಗಂಡ ಏಳುವ ಮೊದಲು ಅವನ ಬ್ರಶ್ಶಿಗೆ ಪೇಸ್ಟು ಹಚ್ಚಿಡುತ್ತಿದ್ದಳು, ಬನಿಯನ್ನು ಬಾಗಿಲಿಗೆ ನೇತುಹಾಕುತ್ತಿದ್ದಳು, ಅವನು ಹೊರಟಾಗ ಚಪ್ಪಲಿಯನ್ನು ಮುಖ ತಿರುಗಿಸಿ ಇಡುತ್ತಿದ್ದಳು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹಿರೇಗುತ್ತಿಯಿಂದ ಅತ್ತೆ ತಿಂಗಳಿಗೊಮ್ಮೆ ಬಂದು ಸೊಸೆಯನ್ನು ಒಂದೊಂದು ದೇವರ ಮುಂದೆ ನಿಲ್ಲಿಸುತ್ತಿದ್ದಳು. ಮಗನನ್ನು ಒಬ್ಬ ಡಾಕ್ಟರ ಮುಂದೂ ನಿಲ್ಲಿಸಿರಲಿಲ್ಲ.

ಎರಡನೆಯದು ಅದೇ ಓಣಿಯ ಕೊನೆಯಲ್ಲಿ ಮರಿಯಂ ಬೀಬಿಯ ಮನೆ. ಬೀಬಿ, ಅವಳ ಗಂಡ, ಮಗ, ಸೊಸೆ. ದುರ್ಗಿ ಅಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾಳೆ. ತನ್ನ ಮನೆಮಾತು ನವಾಯತಿಯಲ್ಲಿ ಬೀಬಿ ಬೈದರೆ ಕನ್ನಡದಲ್ಲಿ ತಿರುಗಿ ಬೈಯುವಷ್ಟು ಸಲಿಗೆ.

ಇಪ್ಪತ್ತು ದಿನದ ಹಿಂದೆ ಬೀಬಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದಳು. ಮಂಚದ ಮೇಲೆ ಮಗಳು ಸುಮಯ್ಯ, ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿ ಮಲಗಿದ್ದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದಿದ್ದರು. ವಯಸ್ಸು ಇಪ್ಪತ್ತೊಂಬತ್ತು. ಗಂಡನ ಮನೆಯವರು ಪಕ್ಕದ ಬೀದಿಯವರೇ. ತಿಳಿದರೆ ಮಗನಿಗೆ ಇನ್ನೊಂದು ಹೆಣ್ಣು ನೋಡುತ್ತಾರೆಂದು ದುಬೈಯಲ್ಲಿದ್ದ ಗಂಡನೂ ಸುಮಯ್ಯನೂ ಸೇರಿ ಗುಟ್ಟು ಮಾಡಿದ್ದರು. ಅವರ ಪಾಲಿಗೆ ಸುಮಯ್ಯ ಇನ್ನೂ ದುಬೈಯಲ್ಲೇ ಇದ್ದಾಳೆ.

"ಇದು ಈ ಗೋಡೆ ದಾಟಬಾರದು ದುರ್ಗಮ್ಮ," ಎಂದಿದ್ದಳು ಬೀಬಿ.

"ನಂಗೆ ಹೇಳೂದೇ ಬ್ಯಾಡಾಗಿತ್ತು ಬೀಬಿ. ಬಟ್ಟೆ ತೊಳಿಯುವಾಗ ನಂಗೇ ತಿಳೀತಿತ್ತು."

ಹೀಗಿರುವಾಗ ಒಂದು ಬೆಳಿಗ್ಗೆ, ರೇಖಾ ಅತ್ತೆಯ ಜೊತೆ ಹರಕೆಗೆ ಹೋಗಿದ್ದಾಗ, ಉಮೇಶ ಪಾತ್ರೆ ತೊಳೆಯುವಲ್ಲಿಗೇ ಬಂದು ನಿಂತ.

"ಕೊನೇ ಮನೇಲಿ ಎಷ್ಟು ಜನ ಇದ್ದಾರೆ ದುರ್ಗಿ?"

ದುರ್ಗಿಯ ಕೈ ತವೆ ಉಜ್ಜುತ್ತಿತ್ತು. ಕೆಲಸದ ಲೆಕ್ಕ ಕೇಳುತ್ತಿದ್ದಾನೆ ಎಂದುಕೊಂಡಳು. ಎರಡು ಮನೆಯ ಒಡತಿಯರೂ ಅವಳ ಮುಂದೆ ಇನ್ನೊಂದು ಮನೆಯ ಪಾತ್ರೆಯ ಲೆಕ್ಕ ಕೇಳುವವರೇ.

"ನಾಕು ತಟ್ಟೆ. ಈಗ ಇಪ್ಪತ್ತು ದಿನದಿಂದ ಐದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಉಮೇಶ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಐದನೇದು ಯಾರದು?"

"ನಂಗೆ ಗೊತ್ತಿಲ್ಲ. ನಾ ಪಾತ್ರೆ ತೊಳಿಯೂದು, ತಲೆ ಎಣಿಸೂದಲ್ಲ."

ಅವನು ನಕ್ಕು ತನ್ನ ನಿಜವಾದ ಕೆಲಸ ಹೇಳಿದ: ಆ ಮನೆಯ ಮೇಲೆ ಕಣ್ಣಿಡುವ ಬೇಹುಗಾರಿಕೆ. ಇಲಾಖೆಯ ಹೆಸರು ಹೇಳಲಿಲ್ಲ, ದೇಶದ ಹೆಸರನ್ನು ಮಾತ್ರ ನಾಲ್ಕು ಸಲ ಹೇಳಿದ. ಆಮೇಲೆ ಪಾಠ ಶುರು ಮಾಡಿದ. ಹಿಂದಿನ ರಾಜರು ಶತ್ರುವಿನ ಅರಮನೆಗೆ ಅಡುಗೆಯವರನ್ನು, ಸ್ನಾನ ಮಾಡಿಸುವವರನ್ನು ಗೂಢಚಾರರಾಗಿ ಕಳಿಸುತ್ತಿದ್ದರಂತೆ. ಫ್ರಾನ್ಸ್ ದೇಶದಲ್ಲಿ ದುರ್ಗಿಯಂಥ ಒಬ್ಬ ಹೆಂಗಸು ಜರ್ಮನಿಯ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದಳಂತೆ. ಬುಟ್ಟಿಗೆ ಬಿದ್ದ ಹರಕು ಕಾಗದ ತಂದು ತನ್ನವರ ಕೈಗೆ ಕೊಡುತ್ತಿದ್ದಳಂತೆ. ಅವರು ಚೂರು ಚೂರು ಅಂಟಿಸಿ ಒಬ್ಬ ದ್ರೋಹಿಯನ್ನು ಹಿಡಿದರಂತೆ.

"ದ್ರೋಹಿ ಸಿಕ್ಕಿದ್ನ?" ದುರ್ಗಿ ಕೇಳಿದಳು.

"ಸಿಕ್ಕಿದವನು ದ್ರೋಹಿ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಅದು ಬೇರೆ ವಿಷಯ."

"ಆ ಹೆಂಗ್ಸಿಗೆ ಎಂತ ಆತು?"

ಉಮೇಶ ಓದಿದ ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ.

ಆಮೇಲೆ ಅವನು ದನಿ ಇಳಿಸಿ ಅವಳ ಮನೆಯ ಮಾತೆತ್ತಿದ. ಅರಣ್ಯದವರು ತನ್ನ ಮಾತು ಕೇಳುತ್ತಾರೆ. ಒಂದು ಫೋನಿಗೆ ಪಟ್ಟಾ ಬರುತ್ತದೆ, ಒಂದು ಫೋನಿಗೆ ಜೆಸಿಬಿಯೂ ಬರುತ್ತದೆ. ಬೇಕಾಗಿದ್ದು ಇಷ್ಟೇ: ಆ ಮನೆಯ ಕಸದ ಚೀಲವನ್ನು ಗಾಡಿಗೆ ಹಾಕುವ ಬದಲು ತನಗೆ ತಂದುಕೊಡಬೇಕು.

ದುರ್ಗಿ ತಂದುಕೊಟ್ಟಳು. ಅದನ್ನು ಅವಳು ಯಾರ ಹತ್ತಿರವೂ ಅಲ್ಲಗಳೆಯುವುದಿಲ್ಲ.

ಬಸ್ ನಿಲ್ದಾಣದ ಹಿಂದೆ, ಮುಚ್ಚಿದ ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ. ಉಮೇಶನ ಜೊತೆ ಲೋಕೇಶ ಎಂಬ ಇನ್ನೊಬ್ಬ, ಅವನ ಕೈಕೆಳಗಿನವನು, ಇದ್ದ. ನೆಲಕ್ಕೆ ಪೇಪರು ಹಾಸಿದ್ದರು. ಇಬ್ಬರೂ ಕುರ್ಚಿಯಲ್ಲಿ ಕುಳಿತು ಮೂಗಿಗೆ ಕರವಸ್ತ್ರ ಹಿಡಿದಿದ್ದರು.

"ಸುರಿ," ಎಂದ ಉಮೇಶ.

ಸುರಿದಳು. ಮೀನಿನ ತಲೆ, ಈರುಳ್ಳಿ ಸಿಪ್ಪೆ, ಚಹಾದ ಚರಟ, ಬಾಚಣಿಗೆಯಿಂದ ತೆಗೆದ ಕೂದಲ ಉಂಡೆ. ಹದಿನಾಲ್ಕು ವರ್ಷ ಕಟ್ಟಿ ಹೊತ್ತೊಯ್ದ ಕಸ ಇಷ್ಟು ಅಸಹ್ಯವಾಗಿ ಅವಳಿಗೆ ಕಂಡಿರಲಿಲ್ಲ. ಒಂದು ಮನೆಯ ಹೆಂಗಸರನ್ನೇ ಬಟ್ಟೆ ಬಿಚ್ಚಿ ಪೇಪರಿನ ಮೇಲೆ ಮಲಗಿಸಿದಂತಿತ್ತು. ಲೋಕೇಶ ಕಡ್ಡಿಯಿಂದ ಒಂದೊಂದನ್ನೇ ತೋರಿಸುತ್ತಿದ್ದ, ದುರ್ಗಿ ಬರಿಗೈಯಲ್ಲಿ ಎತ್ತಿ ಇದು ಏನೆಂದು ಹೇಳಬೇಕಿತ್ತು.

"ಇದು?"

"ಕೂದಲು."

"ಉದ್ದ ಕೂದಲು. ಬರಕೊ," ಎಂದ ಉಮೇಶ.

ತಳದಲ್ಲಿ ಕೀವು, ರಕ್ತ ಒಣಗಿದ ಬ್ಯಾಂಡೇಜು ಬಟ್ಟೆ ಇತ್ತು. ಸುಮಯ್ಯನ ಹೊಲಿಗೆ ಒಂದು ಕಡೆ ಕೀವಾಗಿತ್ತು. ಉಮೇಶ ಕುರ್ಚಿಯಿಂದೆದ್ದ. ದುರ್ಗಿಯನ್ನು ಮರೆತು ಲೋಕೇಶನಿಗೆ ಹೇಳತೊಡಗಿದ: ಇಪ್ಪತ್ತು ದಿನ, ಹೊರಗೆ ಕಾಣಿಸದ ಒಬ್ಬ ಮನುಷ್ಯ, ಗಾಯ, ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಪಟ್ಟಿ. ಯಾವನೋ ಪೆಟ್ಟು ತಿಂದು ಬಂದು ಅಡಗಿದ್ದಾನೆ.

"ಬೀಬಿ ಕಾಲಿಗೆ ಹುಣ್ಣು ಸಾಹೇಬ್ರೆ. ಸಕ್ಕರೆ ಕಾಯಿಲೆ," ಎಂದಳು ದುರ್ಗಿ.

"ನಿನ್ನನ್ನ ಕೇಳ್ದೆನಾ?" ಎಂದ ಅವನು. "ಇನ್ನೊಂದು ಚೀಲ ತಾ. ಗಟ್ಟಿಯಾದರೆ ಶುಕ್ರವಾರ ಮೇಲಿನವರನ್ನ ಕರೆಸ್ತೇನೆ. ಮನೆ ಇಡೀ ಜಾಲಾಡ್ತಾರೆ."

ಕೆಳಗಿಳಿದು ನಲ್ಲಿಯಲ್ಲಿ ಕೈ ತೊಳೆದಳು. ಸೋಪು ಹಾಕಿ ಮತ್ತೆ ತೊಳೆದಳು. ಬಸ್ಸಿನಲ್ಲಿ ಕೈ ಮೂಸಿ ನೋಡಿಕೊಂಡಳು. ಶುಕ್ರವಾರ ಜೀಪು ಬರುತ್ತದೆ. ಓಣಿಯ ಅಷ್ಟೂ ಜನ ಬಾಗಿಲಿಗೆ ಬರುತ್ತಾರೆ. ಒಳಕೋಣೆಯ ಚಿಲಕ ತೆಗೆಯುತ್ತಾರೆ. ಗಾಯಗೊಂಡ ಗಂಡಸು ಸಿಗುವುದಿಲ್ಲ, ಸುಮಯ್ಯ ಸಿಗುತ್ತಾಳೆ. ಅವರು ತಪ್ಪಾಯಿತು ಎಂದು ಹೋಗಬಹುದು. ಸುಮಯ್ಯನ ಹೊಟ್ಟೆಯ ಸುದ್ದಿ ಪಕ್ಕದ ಬೀದಿಗೆ ಹೋದದ್ದು ವಾಪಸ್ಸು ಬರುತ್ತದೆಯೇ? ಎಲ್ಲ ದುರ್ಗಿ ಹೇಳಿದ ಒಂದು ತಟ್ಟೆಯಿಂದ.

ಮರುದಿನ ಬೀಬಿ ಕೊಟ್ಟ ಚಹಾ ಅವಳಿಗೆ ಸೇರಲಿಲ್ಲ. ಸುಮಯ್ಯ ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆದು ಬಂದು, "ಇವತ್ತು ಹನ್ನೆರಡು ಹೆಜ್ಜೆ, ಎಣಿಸಿದೆ," ಎಂದಳು. ದುರ್ಗಿ ಲೋಟವನ್ನು ತುಂಬಿದ್ದಂತೆಯೇ ತೊಳೆಯಲು ಹಾಕಿದಳು.

ಕಸದ ಗಾಡಿ ಓಣಿಯೊಳಗೆ ಬರುವುದಿಲ್ಲ, ಮೂಲೆಯಲ್ಲಿ ನಿಲ್ಲುತ್ತದೆ. ದುರ್ಗಿ ದಿನವೂ ಎರಡು ಮನೆಯ ಚೀಲ ಎರಡು ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಎರಡೂ ಕಪ್ಪು, ಒಂದೇ ಅಂಗಡಿಯವು. ಅಂದು ಗಾಡಿ ಬಂದಾಗ ಬೀಬಿಯ ಮನೆಯ ಚೀಲವನ್ನು ಎಸೆದಳು. ಇನ್ನೊಂದು ಕೈಯಲ್ಲಿ ಉಮೇಶನ ಮನೆಯದು ಉಳಿಯಿತು. ಅದರ ಬಾಯಿ ಬಿಚ್ಚಿ, ಮೇಲಿದ್ದ ಬಾಡಿದ ದೇವರ ಹೂವನ್ನೂ ಕುಂಕುಮದ ಪೊಟ್ಟಣವನ್ನೂ ತೆಗೆದು ಗಾಡಿಗೆ ಹಾಕಿ, ಮತ್ತೆ ಕಟ್ಟಿದಳು. ಎರಡು ಮನೆಯಲ್ಲೂ ಬಂಗಡೆಯೇ ತಿನ್ನುವುದು, ಅದೇ ಹಾಲಿನ ಪ್ಯಾಕೆಟ್ಟು. ಬ್ಯಾಂಡೇಜು ಇಲ್ಲದ ಚೀಲ ಒಂದನ್ನು ನೋಡಿದರೆ ಅವನ ಉಮೇದು ಇಳಿಯುತ್ತದೆ ಎಂದುಕೊಂಡಳು.

ಇಳಿಯಲಿಲ್ಲ.

ಪೇಪರಿನ ಮೇಲೆ ಮೊದಲು ಬಿದ್ದದ್ದು ಬಂಗಡೆಯ ಮುಳ್ಳು. "ನೋಡು, ಅರ್ಧ ಮಾಂಸ ಮುಳ್ಳಲ್ಲೇ ಬಿಟ್ಟಿದ್ದಾನೆ. ಸೊಕ್ಕಿನ ಊಟ," ಎಂದ ಉಮೇಶ. ಅದು ಹಿಂದಿನ ರಾತ್ರಿ ಅವನೇ ಬಿಟ್ಟದ್ದು. ಆಮೇಲೆ ಒಂದು ಹಲ್ಲುಜ್ಜುವ ಬ್ರಶ್ಶು ಬಂತು, ಕೂದಲು ಜಗಿದು ಚಪ್ಪಟೆಯಾದದ್ದು. ಪ್ರತಿದಿನ ಬೆಳಿಗ್ಗೆ ಪೇಸ್ಟು ಹಚ್ಚಿಸಿಕೊಂಡು ಬಾಯಿಗೆ ಹಾಕಿಕೊಂಡವನಿಗೆ ಅದರ ಗುರುತು ಹತ್ತಲಿಲ್ಲ.

"ಹಲ್ಲು ಕಚ್ಚಿಕೊಂಡು ಬದುಕ್ತಿರೋ ಮನುಷ್ಯ. ಒಳಗೆ ಭಯ ಇದೆ. ಬರಕೊ ಲೋಕೇಶ."

ಅದರ ಕೆಳಗೆ ಒಂದು ರೇಜರ್.

ಉಮೇಶ ಕರವಸ್ತ್ರವನ್ನು ಮೂಗಿನಿಂದ ತೆಗೆದ. "ಆ ಮನೆ ಗಂಡಸರಿಬ್ಬರಿಗೂ ಎದೆತನಕ ಗಡ್ಡ. ಹಾಗಾದ್ರೆ ಇದು ಯಾರಿಗೆ? ಗಡ್ಡ ಬೋಳಿಸಿ ವೇಷ ಮರೆಸ್ತಿದ್ದಾನೆ! ಸಿಕ್ಕಿದ!" ಫೋನು ಕೈಗೆತ್ತಿಕೊಂಡ.

ದುರ್ಗಿ ಉಳಿಸಲು ತಂದ ಚೀಲವೇ ಸುಮಯ್ಯನನ್ನು ಹಿಡಿದುಕೊಡುತ್ತಿತ್ತು.

"ತಡಿ," ಎಂದ ಉಮೇಶ, ಫೋನು ಕಿವಿಗಿಡುವ ಮೊದಲು. "ಆ ಪೊಟ್ಟಣ ಉಳೀತಲ್ಲ. ಅದನ್ನೂ ಬಿಚ್ಚು."

ಹಳೆ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪುಟ್ಟ ಪೊಟ್ಟಣ.

"ಅದು ಹೆಂಗಸ್ರದು ಸಾಹೇಬ್ರೆ. ತಿಂಗಳಿಂದು."

"ಅದರಲ್ಲೇ ಅಡಗಿಸೋದು. ಬಿಚ್ಚು ಅಂದೆ."

ದುರ್ಗಿ ದಾರ ಬಿಚ್ಚಿದಳು. ಪೇಪರಿನ ಒಳಗೆ ಬೆರಳು ಹೋದಾಗ ಬಟ್ಟೆಯ ಮೆತ್ತಗಿನದೇನೂ ಸಿಗಲಿಲ್ಲ, ಚರಚರ ಎಂದಿತು. ಒಂದಂಚು ಸರಿಸಿ ನೋಡಿದಳು. ಮಾತ್ರೆಯ ಸ್ಟ್ರಿಪ್ಪು, ಇಪ್ಪತ್ತೆಂಟು ಗುಳಿಯೂ ಖಾಲಿ. ಎರಡನೇ ಹೆರಿಗೆಯ ನಂತರ ನಾಗಿಗೆ ಹೊನ್ನಾವರದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟದ್ದು ಇದೇ, ಮಕ್ಕಳಾಗದಂತೆ ನುಂಗುವ ಮಾತ್ರೆ. ಆರು ವರ್ಷ, ತಿಂಗಳಿಗೊಂದು ದೇವರ ಮುಂದೆ ತಲೆಬಾಗಿ ನಿಂತ ರೇಖಾ, ಯಾವ ಗಂಡಸೂ ಮುಟ್ಟದ ಪೊಟ್ಟಣದ ವೇಷದಲ್ಲಿ ಅದನ್ನು ಕಸಕ್ಕೆ ಹಾಕುತ್ತಿದ್ದಳು.

ದುರ್ಗಿ ಪೊಟ್ಟಣವನ್ನು ಮುಷ್ಟಿಯಲ್ಲಿ ಮುಚ್ಚಿದಳು.

"ಸಾಹೇಬ್ರೆ, ಇದು ನಿಮ್ಮನೆ ಕಸ."

"ಎಂತ ಹೇಳಿದೆ?"

"ಎರಡೂ ಕಪ್ಪು ಚೀಲ. ಗಾಡಿ ಹತ್ರ ಕೈ ತಪ್ಪಿತು. ಆ ಬ್ರಶ್ಶು ನೀವು ನಿನ್ನೆ ಬದ್ಲಿಸಿದ್ದು. ಬಂಗಡೆ ನಿಮ್ಮ ತಟ್ಟೇದು, ಬೆಳಿಗ್ಗೆ ನಾನೇ ತೊಳ್ದದ್ದು. ರೇಜರ್ ನಿಮ್ದು. ಇದು," ಎಂದು ಮುಷ್ಟಿ ಮುಂದೆ ಚಾಚಿದಳು, "ನಿಮ್ಮ ಹೆಂಡ್ತೀದು. ಲೋಕೇಶಣ್ಣನ ಎದುರೇ ಬಿಚ್ಚಲಾ?"

"ಮುಚ್ಚು! ಮುಚ್ಚು ಅದನ್ನ!" ಉಮೇಶ ಮುಖವನ್ನೇ ಗೋಡೆಗೆ ತಿರುಗಿಸಿದ. ಹದಿನೈದು ನಿಮಿಷ ಬೇರೆ ಮನೆಯ ಹೆಂಗಸರದೆಂದು ನಂಬಿ ಬಿಚ್ಚಿಸುತ್ತಿದ್ದಾಗ ಬಾರದ ಹೇಸಿಗೆ ಈಗ ಬಂದಿತ್ತು.

ಲೋಕೇಶ ಬರೆದುಕೊಂಡಿದ್ದ ಹಾಳೆ ನೋಡಿದ. "ಒಳಗೆ ಭಯ ಇದೆ ಅಂತ ಬರೆದದ್ದು ಇಡ್ಲಾ, ತೆಗೀಲಾ ಸರ್?" ಎಂದ. ಮೂಗಿಗೆ ಹಿಡಿದಿದ್ದ ಕರವಸ್ತ್ರ ಈಗ ನಗು ತಡೆಯಲು ನಿಜವಾಗಿ ಉಪಯೋಗಕ್ಕೆ ಬಂತು.

"ಹಾಗಾದ್ರೆ ನಿನ್ನೆಯ ಬ್ಯಾಂಡೇಜು?" ಉಮೇಶ ಗೋಡೆಯ ಕಡೆಯಿಂದಲೇ ಕೇಳಿದ.

"ನಿನ್ನೆ ತಂದದ್ದೂ ಯಾರ ಮನೇದೋ, ನಂಗೆ ಈಗ ನೆನಪಾಗೂದಿಲ್ಲ. ನೀವು ಬರೀರಿ, ಮೇಲಿನವ್ರನ್ನ ಕರೆಸಿ. ಬಂದವ್ರು ಕೇಳಿದ್ರೆ ನಾ ಹಿಂಗೇ ಹೇಳೂದು. ಇವತ್ತಿಂದೂ ಹೇಳೂದು."

ಶುಕ್ರವಾರ ಯಾರೂ ಬರಲಿಲ್ಲ. ದುರ್ಗಿಗೆ ಉಮೇಶನ ಮನೆಯ ಕೆಲಸ ಹೋಯಿತು. ಅವಳು ಹಿತ್ತಿಲಲ್ಲಿ ಬಿಟ್ಟಿದ್ದ ತನ್ನ ಹಳೇ ಸೀರೆ ತರಲು ಹೋದಾಗ ರೇಖಾ ಒಬ್ಬಳೇ ಇದ್ದಳು. ದುರ್ಗಿ ಸೊಂಟದಿಂದ ಪೊಟ್ಟಣ ತೆಗೆದು ಅವಳ ಅಂಗೈಗೆ ಹಾಕಿದಳು. ರೇಖಾ ಅದನ್ನು ಮುಷ್ಟಿಯಲ್ಲಿ ಮುಚ್ಚಿ ಬಾಗಿಲ ಕಡೆ ನೋಡಿದಳು.

"ಯಾರು ಯಾರು ನೋಡಿದ್ರು?"

"ನಾನೊಬ್ಳೆ. ಇನ್ನು ಇದನ್ನ ಚೀಲಕ್ಕೆ ಹಾಕ್ಬ್ಯಾಡಿ ಅಮ್ಮ, ಒಲೆಗೆ ಹಾಕಿ. ನಿಮ್ಮನೇಲಿ ಕಸ ಕೆದಕೋರು ಇದ್ದಾರೆ."

"ನಮ್ಮನೇಲಿ ಗ್ಯಾಸು ದುರ್ಗಿ. ಒಲೆ ಇಲ್ಲ."

ದುರ್ಗಿ ಕೈ ಚಾಚಿ ಪೊಟ್ಟಣವನ್ನು ವಾಪಸ್ಸು ತೆಗೆದುಕೊಂಡಳು.

ಈಗಲೂ ತಿಂಗಳಿಗೊಮ್ಮೆ ರೇಖಾ ಮೂಲೆಯ ಗಾಡಿಯ ಹತ್ತಿರ ಅವಳ ಕೈಗೆ ಒಂದು ಪೊಟ್ಟಣ ಕೊಡುತ್ತಾಳೆ. ಅದು ಶಿರಾಲಿಯ ಗುಡ್ಡದ ಬುಡದ ಒಲೆಯಲ್ಲಿ ಉರಿಯುತ್ತದೆ. "ಎಂತ ವಾಸನೆ ಅದು?" ಎಂದು ಜಟ್ಟ ಮೂಗು ಮುಚ್ಚಿಕೊಳ್ಳುತ್ತಾನೆ. ಮನೆಯ ನಾಲ್ಕನೇ ಅರ್ಜಿ ಕೊಡಲು ಕಚೇರಿಗೆ ಹೋದಾಗ ಉಮೇಶನ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಪಟ್ಟಾದ ಫೋನೂ ಇರಲಿಲ್ಲ, ಜೆಸಿಬಿಯ ಫೋನೂ ಇರಲಿಲ್ಲ. ಬುಡವೇ ಇಲ್ಲದ ಒಂದು ಸುಳ್ಳಿಗೆ ಹೆದರಿ ತಾನು ಸುಮಯ್ಯನ ಗಾಯದ ಬಟ್ಟೆಯನ್ನು ಪೇಪರಿನ ಮೇಲೆ ಸುರಿದೆ ಎಂಬುದು ನೆನಪಾದಾಗ ದುರ್ಗಿಗೆ ಉಮೇಶನ ಮೇಲಿನಷ್ಟೇ ಹೇಸಿಗೆ ತನ್ನ ಕೈಯ ಮೇಲೆ ಬರುತ್ತದೆ.

ಬೀಬಿಗೆ ಅವಳು ಅದನ್ನು ಹೇಳಿಲ್ಲ. ಸುಮಯ್ಯ ಈಗ ಅಂಗಳದವರೆಗೆ ನಡೆಯುತ್ತಾಳೆ. ಬೀಬಿ ದಿನವೂ ಚಹಾ ಕೊಡುತ್ತಾಳೆ. ದುರ್ಗಿ ಲೋಟ ಹಿಡಿಯುವ ಮೊದಲು ಕೈಯನ್ನು ಎರಡು ಸಲ ತೊಳೆಯುತ್ತಾಳೆ.