ಮೇ ತಿಂಗಳಲ್ಲಿ ನೆಟ್ಟ ಮುಂಡಪ್ಪ

ಹೆಮ್ಮಾಡಿಯ ಹೊಳೆಬದಿಯ ಕುಷ್ಟಯ್ಯ ಮುಂಬೈಯಲ್ಲಿ ಎರಡು ಹೋಟೆಲುಗಳ ಧಣಿ. ಅಲ್ಲಿ ಅವರ ಹೆಸರು ಕೃಷ್ಣಾನಂದ. ಮೊದಲು ಬಸ್ಸಿನಲ್ಲಿ, ಕೊಂಕಣ ರೈಲು ಬಂದ ಮೇಲೆ ರೈಲಿನಲ್ಲಿ, ವರ್ಷಕ್ಕೊಮ್ಮೆ ಮೇ ತಿಂಗಳ ಮೊದಲ ವಾರ ಊರಿಗೆ ಬರುತ್ತಿದ್ದರು. ಬಂದೊಡನೆ ಊರವರ ಬಾಯಲ್ಲಿ ಮತ್ತೆ ಕುಷ್ಟಯ್ಯ ಆಗುತ್ತಿದ್ದರು. ಅದು ಅವರಿಗೆ ಹಿಡಿಸುತ್ತಿರಲಿಲ್ಲ. ಇಪ್ಪತ್ತೈದು ದಿನ ಇದ್ದು, ಪಡುವಣದಲ್ಲಿ ಮೋಡ ಕಟ್ಟುವ ಮೊದಲೇ ಹೊರಟುಬಿಡುವರು. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ತಮ್ಮ ಅಂಗಳಕ್ಕೆ ಮಳೆ ಬೀಳುವುದನ್ನು ನೋಡಿದವರಲ್ಲ. ಆದರೂ ಮಾವಿನ ಗಿಡ ಯಾವಾಗ ನೆಡಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರಿಗೆ ರಜೆ ಇದ್ದಾಗ ನೆಡಬೇಕು.

ಆ ಅಂಗಳದಲ್ಲಿ ಹಿಂದೆ ಒಂದು ಮುಂಡಪ್ಪ ಮಾವಿನ ಮರವಿತ್ತು. ಅಂಗೈ ತುಂಬುವ ಹಣ್ಣು, ಹೆಸರಿಗೂ ನಾರಿಲ್ಲ. ಒಂದು ಹಣ್ಣು ಹೆಚ್ಚಿದರೆ ಗದ್ದೆಯಾಚೆಯ ಮನೆಗೂ ಪರಿಮಳದಿಂದಲೇ ಗೊತ್ತಾಗುತ್ತಿತ್ತು. ೧೯೯೯ರ ಮಳೆಗಾಲದಲ್ಲಿ, ಊರಿಗೆ ಬಂದಾಗ ಹಿಡಿಯುವ ಬಾಡಿಗೆ ಕಾರು ತಿರುಗಿಸಲು ಜಾಗ ಸಾಲದೆಂದು ಮುಂಬೈಯಿಂದಲೇ ಫೋನು ಮಾಡಿ ಅದನ್ನು ಕಡಿಸಿದರು. ಕಾರು ಅಲ್ಲಿ ತಿರುಗುತ್ತಿದ್ದುದು ವರ್ಷದಲ್ಲಿ ಇಪ್ಪತ್ತೈದು ದಿನ.

ಗದ್ದೆಯಾಚೆಯ ಪದ್ದು ಕಸಿ ಕಟ್ಟುವವಳು. ಮರ ಉರುಳುವ ಹಿಂದಿನ ಸಂಜೆ ಏಣಿ ಹೊತ್ತು ತಂದು, ಅದರ ಕುಡಿಗಳನ್ನು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದಳು. ಹನ್ನೆರಡು ಕಸಿ ಕಟ್ಟಿದಳು. ನಾಲ್ಕು ಹಿಡಿದವು.

ಮರುವರ್ಷ ಮೇ ತಿಂಗಳಲ್ಲಿ ಕುಷ್ಟಯ್ಯನಿಗೆ ಮರದ ನೆನಪಾಯಿತು.

"ಪದ್ದು, ಒಂದ್ ಗಿಡ ತಕಂಡ್ ಬಾ. ನಾಳೆ ನೆಡುವ."

"ಈಗ ನೆಡುಕಾಗ ಅಯ್ಯ. ನಿಮ್ ಬಾವಿ ನೀರ್ ಉಪ್ಪಾಯ್ತ್. ಕುಡ್ದ್ ಕಂಡ್ರ್ಯಾ?"

"ನಾ ಬಾಟ್ಲಿ ನೀರ್ ಕುಡೂದ್."

ಬೇಸಗೆಯ ಕೊನೆಗೆ ಹೊಳೆ ಸೊರಗುತ್ತದೆ, ಸಮುದ್ರದ ಉಬ್ಬರ ಒಳಗೊಳಗೇ ಮೇಲೇರಿ ಬರುತ್ತದೆ. ಹೊಳೆಬದಿಯ ಬಾವಿಗಳೆಲ್ಲ ಆಗ ಉಪ್ಪಾಗುತ್ತವೆ. ಇದು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಕುಷ್ಟಯ್ಯ ಗಿಡ ನೆಟ್ಟು, ದಿನಕ್ಕೆ ಎರಡು ಹೊತ್ತು ಅದೇ ನೀರು ಹೊಯ್ಯಿಸಿದರು. ದೀಪಕ್ಕೆ ಹಿಡಿದಂತೆ ಎಲೆಗಳ ಅಂಚು ಸುಟ್ಟಿತು. ಅವರು ರೈಲು ಹತ್ತುವ ಮೊದಲೇ ಗಿಡ ಕಡ್ಡಿಯಾಗಿತ್ತು. ತಪ್ಪು ಕಸಿ ಕಟ್ಟಿದವಳದು ಎಂದರು. ಎರಡನೆಯ ವರ್ಷ ಇನ್ನೊಂದು ಸತ್ತಾಗ ಊರವರ ದೃಷ್ಟಿ ಎಂದರು. ಮೂರನೆಯದಕ್ಕೆ ಹಟ್ಟಿಗೊಬ್ಬರ ಸರಿಯಿಲ್ಲ ಎಂದರು. ನೀರಿನ ಮಾತು ಅವರ ಬಾಯಲ್ಲಿ ಬರಲಿಲ್ಲ. ಬಂದಿದ್ದರೆ ತಿಂಗಳ ಮಾತೂ ಬರಬೇಕಾಗುತ್ತಿತ್ತು.

ಮರ ಅವರದು, ಕುಡಿಯೂ ಅವರದೇ ಎಂಬುದು ಪದ್ದುವಿನ ನ್ಯಾಯ. ಹಾಗೆಂದೇ ಮೂರು ಕೊಟ್ಟಿದ್ದಳು. ನಾಲ್ಕನೆಯದು ದೊಡ್ಡ ಗೋಣಿಚೀಲದಲ್ಲಿ, ಅವಳ ಹಿತ್ತಿಲಿನ ನೆರಳಲ್ಲಿ ನಿಂತಿತ್ತು. ಅದೊಂದು ಹೋದರೆ ಆ ಮರದ ಹಣ್ಣಿನ ರುಚಿ ಭೂಮಿಯ ಮೇಲೆ ಇನ್ನೆಲ್ಲೂ ಉಳಿಯುತ್ತಿರಲಿಲ್ಲ.

೨೦೦೩ರ ಮೇ ತಿಂಗಳಲ್ಲಿ ಕುಷ್ಟಯ್ಯನಿಗೆ ಅರವತ್ತು ತುಂಬಿತು. ಮುಂಬೈಯಿಂದ ನೆಂಟರಿಷ್ಟರು ಬಂದರು. ಅರವತ್ತರ ನೆನಪಿಗೆ ಅವರು ಗಿಡ ನೆಡುವ ಫೋಟೋ ಆಗಬೇಕಿತ್ತು. ಪದ್ದುವಿನ ಮನೆಯ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವನಜ ಬೇಲಿಯಾಚೆಯಿಂದ ಕೂಗಿದಳು: "ಹ್ವಾಯ್ ಪದ್ದಕ್ಕ, ನಿಮ್ ಧಣಿ ಬಂದ್ರ್ ಕಾಣಿ. ಇದನ್ನೂ ಕೊಲ್ಲುಕೆ ಕೊಡ್ತ್ರ್ಯಾ?"

ಕುಷ್ಟಯ್ಯ ಬಿಳಿ ಬೂಟಿನಲ್ಲಿ ಬಂದಿದ್ದರು, ಫೋಟೋದವನನ್ನು ಕರೆದುಕೊಂಡು.

"ಕೊಡೂದಿಲ್ಲ ಅಯ್ಯ," ಎಂದಳು ಪದ್ದು. "ಮಳಿ ಬಪ್ಪತಿಗೆ ಬನ್ನಿ. ನಾನೇ ಹೊತ್ಕಂಡ್ ಬತ್ತೆ, ನೀವೇ ನೆಡಿ."

"ಮಳಿಗಾಲದಂಗ್ ಬಪ್ಪುಕೆ ನಂಗೆ ಹುಚ್ಚಾ? ನೆಂಟ್ರೆಲ್ಲ ಈಗ ಇದ್ದ್ರ್."

"ನೆಂಟ್ರ್ ಇದ್ದ್ರ್ ಅಂದ್ಕಂಡ್ ಬೇರ್ ಬಿಡ್ತಾ ಅಯ್ಯ?"

ಕುಷ್ಟಯ್ಯನ ಮುಖ ಕೆಂಪಾಯಿತು. ಆದರೆ ಅವರು ವ್ಯಾಪಾರಿ. ಸ್ವಲ್ಪ ಯೋಚಿಸಿ ಹೇಳಿದರು: "ಅರೇ, ಗಿಡ ಎಂತಕೆ? ಫೋಟೋದಂಗೆ ಬೇರ್ ಕಾಂತಿಲ್ಲೆ. ಯಾವ್ದಾರೂ ಒಂದ್ ಗೆಲ್ಲ್ ಕಡ್ದ್ ಕೊಡ್. ಚಲೇಗಾ, ಅಷ್ಟ್ ಸಾಕ್."

ಪದ್ದು ಕತ್ತಿ ತೆಗೆದುಕೊಂಡು, ಬೇಲಿಯಲ್ಲಿ ತಾನಾಗಿ ಹುಟ್ಟಿದ ಕಾಟುಮಾವಿನಿಂದ ಆಳೆತ್ತರದ ಒಂದು ಕೊಂಬೆ ಕಡಿದು ಅವರ ಕೈಗೇ ಕೊಟ್ಟಳು.

ಸಂಜೆ ಅದನ್ನು ನೆಟ್ಟರು. ಗುಂಡಿಗೆ ಅರಸಿನ ಕುಂಕುಮ ಹಾಕಿದರು. ಬೆಳ್ಳಿ ಚೆಂಬಿನಿಂದ ಕುಷ್ಟಯ್ಯ ಉಪ್ಪುನೀರು ಎರೆದರು. ಫೋಟೋದವನು ಇನ್ನೊಮ್ಮೆ ಎಂದ, ಇನ್ನೊಮ್ಮೆ ಎರೆದರು. ನೆಂಟರು ಚಪ್ಪಾಳೆ ತಟ್ಟಿದರು. ಬೇರಿಲ್ಲದ ಆ ಗೆಲ್ಲು, ಯಾರ ಮರ್ಯಾದೆಯನ್ನೂ ಕಳೆಯದೆ, ಮರುದಿನ ಮಧ್ಯಾಹ್ನದವರೆಗೂ ಹಸಿರಾಗಿತ್ತು.

ಜೂನ್ ತಿಂಗಳಲ್ಲಿ ಮಳೆ ಬಂತು. ಮೊದಲ ಮಳೆಗೆ ಪದ್ದು ನೆಡಲಿಲ್ಲ. ಮೇಲೆ ಒದ್ದೆಯಾದರೂ ನೆಲದ ಹೊಟ್ಟೆಯಲ್ಲಿ ಬೇಸಗೆ ಇನ್ನೂ ಕುಳಿತಿರುತ್ತದೆ. ತನ್ನ ದಿಬ್ಬದಲ್ಲಿ ತೆಗೆದ ಗುಂಡಿಗೆ ದಿನವೂ ಮೊಣಕೈವರೆಗೆ ಕೈ ಇಳಿಸಿ ನೋಡುವಳು. ಬಿಸಿ ತಾಗಿದರೆ ಸುಮ್ಮನೆ ಎದ್ದು ಬರುವಳು. ಮೃಗಶಿರೆ ಕಳೆದು ಆರ್ದ್ರೆ ಮಳೆ ಹಿಡಿದ ಒಂದು ಬೆಳಿಗ್ಗೆ ಮಣ್ಣು ಒಳಗೂ ತಣ್ಣಗಿತ್ತು. ಬಾವಿಯ ನೀರು ಬಾಯಿಗೆ ಹಾಕಿ ನೋಡಿದಳು, ಸಿಹಿ. ಜಡಿಮಳೆ ಸುರಿದು ಗುಂಡಿಯಲ್ಲಿ ನೀರು ನಿಲ್ಲುವ ದಿನಗಳಿಗೆ ಇನ್ನೂ ಎರಡು ವಾರವಿತ್ತು. ಬೇರು ಹಿಡಿಯಲು ಅಷ್ಟು ಸಾಕು. ಗೋಣಿ ಬಿಡಿಸಿ, ಬೇರು ನಲುಗದಂತೆ ಇಳಿಸಿ, ಅಂಗೈಯಿಂದ ಮಣ್ಣೊತ್ತಿದಳು.

ಆಗಲೇ ವನಜ ಅಂಗಡಿಯಿಂದ ಕರೆದಳು. ಮುಂಬೈಯ ಫೋನು.

"ಪದ್ದು, ನಾ ನೆಟ್ಟದ್ದ್ ಚಿಗುರ್ತಾ?" ಕುಷ್ಟಯ್ಯನ ದನಿ.

ತಮಾಷೆ ಎಂದುಕೊಂಡು ಪದ್ದು ನಕ್ಕಳು. ಆಚೆಯಿಂದ ನಗು ಬರಲಿಲ್ಲ.

"ಫೋಟೋಕ್ಕೆ ಫ್ರೇಮ್ ಹಾಕ್ಸಿ ಹೋಟ್ಲಂಗ್ ತೂಗ್ಸಿದ್ದೆ. ಬಂದವ್ರೆಲ್ಲ ಕೇಂತ್ರ್, ಹಣ್ಣ್ ಯಾವಾಗ ಅಂತ. ಎಂತ ಹೇಳ್ಕ್ ನಾನ್?"

"ಅಯ್ಯ, ಅದ್ ಗೆಲ್ಲ್ ಅಲ್ದಾ? ಒಣಗಿದ್ ಮೇಲೆ ನಿಮ್ ಬಚ್ಚಲ ಒಲಿಗೆ ಹಾಕಿ ಆಯ್ತ್. ಆ ಬಿಸಿನೀರಂಗೇ ಮಿಂದ್ಕಂಡ್ ರೈಲ್ ಹತ್ತಿದ್ರಿ ನೀವ್."

ಮುಂಬೈಯ ಗ್ಲಾಸುಗಳ ಸದ್ದಿನ ನಡುವೆ ಕುಷ್ಟಯ್ಯ ಏನೋ ಹೇಳಿ ಫೋನು ಇಟ್ಟರು.

"ಎಂತ ಅಂಬ್ರ್?" ಕೇಳಿದಳು ವನಜ.

"ಬಪ್ಪೊರ್ಷಕ್ಕೂ ಒಂದ್ ಗೆಲ್ಲ್ ಬೇಕಂಬ್ರ್," ಎಂದಳು ಪದ್ದು. ಗಿಡಕ್ಕೆ ಊರುಗೋಲು ಕಟ್ಟುವುದು ಬಾಕಿ ಇದೆಯೆಂದು ಆ ಮಳೆಗೇ ಇಳಿದು ಹೋದಳು.