ಶ್ರಾವಣಕ್ಕೆ ಮೊದಲಿನ ಬಂಗುಡೆ

ಬಸ್ಸಿಗೆ ಅರ್ಧ ಗಂಟೆ ಮೊದಲೇ ಬರುವುದು ನನ್ನ ರೂಢಿ. ಲಕ್ಷ್ಮೇಶ್ವರದ ಬಸ್ಸು ಬರುವ ತನಕ ಗದಗಿನ ಮೀನು ಪೇಟೆಯಲ್ಲಿ ನಿಂತೆ. ಮೀನು ಮೊಟ್ಟೆಯಿಡುವ ಕಾಲವೆಂದು ಕರಾವಳಿಯ ದೊಡ್ಡ ದೋಣಿಗಳಿಗೆ ರಜೆ. ಇಲ್ಲಿ ಸಣ್ಣ ದೋಣಿಯವರು ಹಿಡಿದು ಕಳಿಸಿದ ಬೆರಳುದ್ದದ ಬಂಗುಡೆ ಮರಿಗಳಿಗೆ ಜನ ಮುಗಿಬಿದ್ದಿದ್ದರು.

“ಮರೀನ ತಿಂದ್ರ ಮುಂದಿನ ವರ್ಷ ಏನ್ ಮಾರ್ತೀರಿ ಸಾಬರ?” ಎಂದು ಅಂಗಡಿಯವರನ್ನು ಗದರಿದೆ.

“ಸಮುದ್ರ ತೆರದಾಗ ದೊಡ್ಡ ಮೀನ ತರ್ತೀನ್ರಿ ಅಜ್ಜಾರ. ಆವಾಗ ನಿಮಗ ಶ್ರಾವಣ, ಯಾರೂ ಮುಟ್ಟಂಗಿಲ್ಲ. ಬರ್ಫದಾಗ ಕೊಳೀತಾವ. ನನ್ನ ಮನಿ ನಡೀಬೇಕಲ್ರಿ?”

“ಅದಕ್ಕ ಮರಿ ಮಾರೋದೇನು?”

“ಶ್ರಾವಣಾನ ಒಂದ ತಿಂಗಳ ಮುಂಚೆ ತರ್ರಿ, ದೋಣಿ ರಜಾದಾಗ ನಾನೂ ಅಂಗಡಿ ಮುಚ್ತೀನಿ!”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿದ್ದ ಹೆಂಗಸು ಚೀಲ ಮುಂದೆ ತೂರಿಸಿದಳು.

“ಬಾಜೂ ಸರೀರಿ ಯಜ್ಜಾ. ನಾಳಿಂದ ಶ್ರಾವಣ ಐತಿ, ನಮಗ ಇವತ್ತೊಂದ ದಿನ ಅಷ್ಟ.”